ಹನ್ನೊಂದಾದ ಮೇಲಲ್ಲವೇ ಇಪ್ಪತ್ತಾರು?

ಆ ಪ್ರಣಾಳಿಕೆಯನ್ನು ಟೈಪು ಮಾಡಿದವಳು ನಾನು. ಅದರ ತಪ್ಪು ತಿದ್ದಿದವನು ತಾತ. ಮುದ್ರಿಸಿದವನು ಅಪ್ಪ. ಮಡಿಸಿ ಪಿನ್ನು ಹೊಡೆದವಳು ಅಮ್ಮ. ಹದಿನಾರು ಪುಟ, ಐದು ಸಾವಿರ ಪ್ರತಿ. ನಾಲ್ಕು ಜನರ ಕೈ ದಾಟಿ ಹೋದ ಆ ಪುಸ್ತಿಕೆಯನ್ನು ನಮ್ಮ ಮನೆಯಲ್ಲಿ ಓದಿದವರು ಒಬ್ಬರೇ ಎಂದು ಗೊತ್ತಾದ ದಿನ ಊಟದ ತಟ್ಟೆ ಗೋಡೆಗೆ ಬಡಿಯಿತು. ಇಪ್ಪತ್ತು ವರ್ಷದಲ್ಲಿ ನಮ್ಮ ಮನೆಯಲ್ಲಿ ತಟ್ಟೆ ಹಾರಿದ್ದು ಅದೊಂದೇ ಸಲ.

ನಮ್ಮ ಮನೆಯ ಮುಂದಿನ ಕೋಣೆಯೇ ಪ್ರೆಸ್ಸು. ಬೀದಿ ಬಾಗಿಲು ತೆಗೆದರೆ ಮೊದಲು ಆಫ್‌ಸೆಟ್ ಮಷೀನು, ಆಮೇಲೆ ಕಾಗದ ಕತ್ತರಿಸುವ ಯಂತ್ರ, ಆಮೇಲೆ ಹಾಳೆಯ ಕಟ್ಟುಗಳ, ಅಂದರೆ ರೀಮುಗಳ, ಗೋಡೆ. ಆ ಸಂದಿಯಲ್ಲಿ ಪಕ್ಕಕ್ಕೆ ತಿರುಗಿ ನಡೆದರೆ ನಡುಮನೆ ಸಿಗುತ್ತದೆ. ಮೈ ತುಂಬಿಕೊಂಡ ನೆಂಟರು ನಮ್ಮ ಮನೆಗೆ ಬರುವುದು ಕಡಿಮೆ. ಹಾಸಿಗೆ, ಬಟ್ಟೆ, ಕುಡಿಯುವ ಹಾಲಿನವರೆಗೂ ಶಾಯಿ ಮತ್ತು ಸೀಮೆಎಣ್ಣೆಯ ವಾಸನೆ. ಬೀದಿಯವರಿಗೆ ಅಪ್ಪ ‘ಪ್ರೆಸ್ಸಣ್ಣ’. ಅವನ ಉಗುರಿನ ಕಪ್ಪು ಸ್ನಾನ ಮಾಡಿದರೂ ಹೋಗದು.

ತಾತ ಅಪ್ಪನ ಅಪ್ಪ. ಒಂದು ದಿನಪತ್ರಿಕೆಯಲ್ಲಿ ಮೂವತ್ತೊಂಬತ್ತು ವರ್ಷ ಕರಡು ತಿದ್ದಿ ನಿವೃತ್ತನಾದವನು. ಅವನ ಪದ್ಧತಿಯೇ ಬೇರೆ. ಪುಟದ ಕೊನೆಯ ಸಾಲಿನಿಂದ ಶುರುಮಾಡಿ ಮೇಲಕ್ಕೆ ಹೋಗುತ್ತಾನೆ.

"ಮೇಲಿಂದ ಓದಿದ್ರೆ ಅರ್ಥ ಕೈ ಹಿಡಿದು ಎಳ್ಕೊಂಡು ಹೋಗುತ್ತೆ ಪುಟ್ಟಿ," ಎನ್ನುತ್ತಿದ್ದ. "ಅರ್ಥದ ಹಿಂದೆ ಹೋದವನಿಗೆ ತಪ್ಪು ಕಾಣಲ್ಲ. ಕೆಳಗಿಂದ ಹತ್ತು, ಒಂದೂ ತಪ್ಪಿಸ್ಕೊಳ್ಳಲ್ಲ."

ಮೂವತ್ತೊಂಬತ್ತು ವರ್ಷ ಪತ್ರಿಕೆಯನ್ನು ಅಕ್ಷರ ಬಿಡದೆ ನೋಡಿದ ಮನುಷ್ಯನಿಗೆ ಊರಿನ ಒಂದು ಸುದ್ದಿಯೂ ಗೊತ್ತಿರುತ್ತಿರಲಿಲ್ಲ. ಅದಕ್ಕೆ ಅಜ್ಜಿ ಮೊದಲೆಲ್ಲ ನಗುತ್ತಿದ್ದಳು. ಈಗ ಅವಳಿಗೆ ನಗುವುದೂ ಕಷ್ಟ. ಆರು ವರ್ಷದ ಹಿಂದೆ ಪಾರ್ಶ್ವವಾಯು ಬಡಿದು ಎಡಭಾಗ ಪೂರ್ತಿ ಹೋಯಿತು. ಬಲಗೈ ಆಡುತ್ತದೆ. ಮಾತು ಒಂದೊಂದಾಗಿ, ಬಾವಿಯಿಂದ ಸೇದಿದ ಹಾಗೆ ಬರುತ್ತದೆ. ನಡುಮನೆಯಲ್ಲಿ ಅವಳ ಮಂಚ. ಎತ್ತುವುದು, ಕೂರಿಸುವುದು, ತೊಳೆಯುವುದು, ಉಣಿಸುವುದು, ಹೊತ್ತು ಹೊತ್ತಿಗೆ ಮಗ್ಗುಲು ಬದಲಿಸುವುದು ಎಲ್ಲ ಅಮ್ಮನದು. ಅಮ್ಮ ಪುಸ್ತಕ ಮಡಿಸುವುದೂ ಆ ಮಂಚದ ಬುಡದಲ್ಲೇ ಕೂತು. ಹಾಳೆಯನ್ನು ಮೂರು ಮಡಿಕೆ ಮಾಡಿ ಪಟ್ಟಿಯಿಂದ ಉಜ್ಜಿದರೆ ಹದಿನಾರು ಪುಟ ಒಂದರ ಹಿಂದೆ ಒಂದು ಸಾಲಾಗಿ ನಿಲ್ಲಬೇಕು. ಅಮ್ಮ ಮಡಿಸಿದ್ದರಲ್ಲಿ ಐದರ ನಂತರ ಒಂಬತ್ತು ಬಂದದ್ದು ಯಾರೂ ಕಂಡಿಲ್ಲ.

ನಗರಸಭೆ ಚುನಾವಣೆಗೆ ಇಪ್ಪತ್ತು ದಿನ ಇರುವಾಗ ಕನ್ನಡಕದ ಅಂಗಡಿಯವನು ಬಂದ. ನಮ್ಮ ವಾರ್ಡಿಗೆ ಹೊಸ ಪಕ್ಷದ ಅಭ್ಯರ್ಥಿ ಅವನೇ, ಗುರುತು ಬೀಗದ ಕೈ. ಕೈಬರಹದ ಕಟ್ಟು ಮೇಜಿನ ಮೇಲಿಟ್ಟು, "ಮೂವತ್ತೆರಡು ಭರವಸೆ ಪ್ರೆಸ್ಸಣ್ಣ. ಒಂದ್ಸಲ ಓದಿ ಹೇಗಿದೆ ಹೇಳಿ," ಅಂದ.

"ಓದೋದು ಊರವರ ಕೆಲಸ, ಒತ್ತೋದು ನನ್ನ ಕೆಲಸ," ಅಂದ ಅಪ್ಪ. "ಎಷ್ಟು ಪ್ರತಿ?"

ನಾನು ಕಿವಿಗೆ ಹಾಡು ತುರುಕಿಕೊಂಡು ಎರಡು ಮಧ್ಯಾಹ್ನದಲ್ಲಿ ಟೈಪು ಮಾಡಿ ಮುಗಿಸಿದೆ. ತಾತ ಕೆಂಪು ಪೆನ್ನು ಹಿಡಿದು ಕೆಳಗಿನಿಂದ ಮೇಲಕ್ಕೆ ಹತ್ತಿದ. ಮಷೀನು ಒಂದು ಹಗಲು ಧಡಧಡ ಓಡಿತು. ಅಮ್ಮ ನಾಲ್ಕು ದಿನ ಮಡಿಸಿದಳು. ಒಂದು ಮಧ್ಯಾಹ್ನ ನಾನು ನೀರಿಗೆಂದು ಒಳಗೆ ಹೋದಾಗ ಅಜ್ಜಿ ಕಣ್ಣು ಮುಚ್ಚಿ ಮಲಗಿದ್ದಳು, ಅಮ್ಮ ಒಂದು ಹಾಳೆ ಹಿಡಿದುಕೊಂಡು ತುಟಿ ಆಡಿಸುತ್ತಿದ್ದಳು. ಪ್ರತಿಗಳನ್ನು ಎಣಿಸುತ್ತಿದ್ದಾಳೆ ಅಂದುಕೊಂಡೆ.

ಪ್ರತಿಗಳನ್ನು ಒಯ್ದ ದಿನವೇ ಬಿಲ್ಲಿನ ದುಡ್ಡು ಬಂತು. ಅಪ್ಪನಿಗೆ ಅದೇ ದೊಡ್ಡ ಆಶ್ಚರ್ಯ. ಊಟಕ್ಕೆ ಕೂತಾಗ ಮಾತು ತೆಗೆದ.

"ಹತ್ತು ವರ್ಷ ಹಳೇ ಪಕ್ಷದವರಿಗೆ ವೋಟು ಹಾಕಿದ್ವಿ. ಚರಂಡಿ ಮೇಲೆ ಒಂದು ಕಲ್ಲು ಹಾಸಿದ್ರಾ? ಇವರು ನೋಡು, ಕೇಳೋಕೆ ಮುಂಚೆ ಬಿಲ್ಲು ಚುಕ್ತಾ. ಗೆದ್ರೆ ನಗರಸಭೆ ಮುದ್ರಣದ ಕೆಲಸಾನೂ ನಮಗೇ ಅಂದಿದ್ದಾನೆ. ಐದು ವೋಟೂ ಬೀಗದ ಕೈಗೆ."

"ನನ್ನ ವೋಟು ನನ್ನದು," ಅಂದೆ ನಾನು. ಅದು ನನ್ನ ಮೊದಲ ಮತ.

"ನಿನ್ನದೇ ಕಣಮ್ಮ. ಬೀಗದ ಕೈಗೆ ಹಾಕು."

ತಾತ ನಕ್ಕ. ಉಪ್ಪು ಜಾಸ್ತಿಯಾದರೂ ಕಡಿಮೆಯಾದರೂ ಅಪ್ಪನಿಗೆ ಎದುರಾಡುವ ಅಮ್ಮ ಅವತ್ತು ಮಾತ್ರ ಪಲ್ಯ ಬಡಿಸುತ್ತ, "ಆಯ್ತು. ಹಾಕ್ತೀನಿ," ಅಂದಳು. ಅಪ್ಪ ಅವಳ ಮುಖವನ್ನೇ ನೋಡಿದ.

ಮತದಾನದ ದಿನ ಪಕ್ಷದ ಹುಡುಗರು ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ಹೋದರು. ಜೊತೆಗೆ ಒಬ್ಬರು ಒಳಗೆ ಹೋಗಬಹುದು ಎಂದರು ಅಧಿಕಾರಿ. ಅಜ್ಜಿ ಬಲಗೈ ಎತ್ತಿ ತೋರಿಸಿ, "ಇದೆ," ಅಂದಳು. ಒಬ್ಬಳೇ ಒಳಗಿದ್ದಳು, ತುಂಬ ಹೊತ್ತು. ಅಪ್ಪನ ಬೆರಳು ನೋಡಿದ ಅಧಿಕಾರಿ, "ಆಗ್ಲೇ ಹಾಕಿಬಿಟ್ಟಿದ್ದೀರಲ್ರೀ," ಎಂದು ಗದರಿ, ಅದು ಪ್ರೆಸ್ಸಿನ ಶಾಯಿ ಎಂದು ನಂಬಲು ಐದು ನಿಮಿಷ ತೆಗೆದುಕೊಂಡರು.

ಕನ್ನಡಕದ ಅಂಗಡಿಯವನು ನಮ್ಮ ವಾರ್ಡಿನಲ್ಲಿ ನಾಲ್ಕು ಮತದಿಂದ ಗೆದ್ದ. ನಾಲ್ಕೇ ನಾಲ್ಕು! ಆ ಒಂದು ಸೀಟಿನಿಂದ ನಗರಸಭೆಯೂ ಅವನ ಪಕ್ಷದ ಪಾಲಾಯಿತು. ಅಪ್ಪನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

"ನಮ್ಮ ಮನೇಲೇ ಐದು ಇದೆ. ನಾವು ಆ ಕಡೆ ವಾಲಿದ್ರೆ ಸೋತೇಹೋಗ್ತಿದ್ದ. ಈ ಊರಿನ ನಗರಸಭೆ ನಮ್ಮ ಮನೆಯಿಂದ ಹುಟ್ಟಿದ್ದು!" ಎಂದು ಬೀದಿಯ ಆ ತುದಿಯವರೆಗೂ ಸಿಹಿ ಹಂಚಿದ. ಧನ್ಯವಾದದ ಹಾಳೆಯನ್ನು ಬಿಟ್ಟಿಯಾಗಿ ಮುದ್ರಿಸಿಕೊಟ್ಟ. ಹಳೆಯ ಪಕ್ಷದ ಎದುರುಮನೆ ಮೇಷ್ಟ್ರು ಸಿಹಿ ತೆಗೆದುಕೊಂಡು, "ಒಳ್ಳೆದಾಗ್ಲಿ," ಎಂದಷ್ಟೇ ಹೇಳಿ ಬಾಗಿಲು ಹಾಕಿಕೊಂಡರು.

ಮೂರು ವಾರ ಕಳೆಯಿತು. ಅಂಚೆಯಲ್ಲಿ ನಗರಸಭೆಯ ಲಕೋಟೆ ಬಂತು. ಮುದ್ರಣದ ಕೆಲಸವೇ ಬಂತೆಂದು ಅಪ್ಪ ಕೈ ಒರೆಸಿಕೊಳ್ಳುತ್ತ, "ಅಪ್ಪ, ಅದೇನು ಅಂತ ಓದಿ," ಎಂದು ತಾತನಿಗೆ ಕೊಟ್ಟ. ತಾತ ಅಭ್ಯಾಸದಂತೆ ಕೆಳಗಿನಿಂದ ಶುರುಮಾಡಿದ.

"ಆಯುಕ್ತರ ಸಹಿ ಇದೆ... ‘ತಪ್ಪಿದಲ್ಲಿ ಕೋಣೆಗೆ ಬೀಗಮುದ್ರೆ ಹಾಕಲಾಗುವುದು’... ಇಲ್ಲಿ ಮುದ್ರೆಗೆ ಒತ್ತು ಬಿಟ್ಟಿದ್ದಾರೆ ನೋಡು, ಇದನ್ನ ನಮ್ಮ ಹತ್ರ ಮಾಡಿಸ್ಬೇಕಿತ್ತು... ‘ಮೂವತ್ತು ದಿನದೊಳಗೆ’... ‘ಊರ ಹೊರಗಿನ ಕೈಗಾರಿಕಾ ಶೆಡ್ಡಿಗೆ ಸಾಗಿಸತಕ್ಕದ್ದು’..."

"ಏನನ್ನ ಸಾಗಿಸಬೇಕಂತೆ?" ಅಪ್ಪನ ದನಿ ಸಣ್ಣಗಾಗಿತ್ತು.

ತಾತ ಇನ್ನೊಂದು ಸಾಲು ಮೇಲೆ ಹೋದ. ಕೆಂಪು ಪೆನ್ನು ಅಲ್ಲೇ ನಿಂತಿತು.

"ವಾಸದ ಮನೆಗಳಲ್ಲಿ... ಮೋಟಾರಿನಿಂದ ನಡೆಯುವ ಯಂತ್ರಗಳನ್ನ."

ಮಷೀನು ಅದರ ಪಾಡಿಗೆ ಅದು ಯಾರದೋ ಔಷಧಿ ಅಂಗಡಿಯ ಬಿಲ್‌ಬುಕ್ ಒತ್ತುತ್ತಿತ್ತು. ಅಪ್ಪ ಹೋಗಿ ಸ್ವಿಚ್ಚು ಆರಿಸಿದ. ಅದು ಪೂರ್ತಿ ನಿಲ್ಲುವವರೆಗೂ ಕಾದು, ಅಂಗಿ ಹಾಕಿಕೊಂಡು ಕನ್ನಡಕದ ಅಂಗಡಿಗೆ ಓಡಿದ. ನಾನೂ ಹಿಂದೆ ಓಡಿದೆ.

ಹೊಸ ಸದಸ್ಯ ಯಾರದೋ ಕಣ್ಣಿಗೆ ಗಾಜು ಹಿಡಿದಿದ್ದ. ನೋಟಿಸು ನೋಡಿ ಸ್ವಲ್ಪವೂ ಬೆದರಲಿಲ್ಲ.

"ಹೊಸದೇನಲ್ವಲ್ಲ ಪ್ರೆಸ್ಸಣ್ಣ. ಪ್ರಣಾಳಿಕೆಲೇ ಇದೆ, ಇಪ್ಪತ್ತಾರನೇದು. ಬೀದಿಗಳಲ್ಲಿ ಸದ್ದು, ಹೊಗೆ, ಬೆಂಕಿ ಭಯ ಇರಬಾರದು ಅಂತ. ಜನ ಅದಕ್ಕೇ ಗೆಲ್ಲಿಸಿದ್ದು."

"ಯಾವ ಪ್ರಣಾಳಿಕೆ?"

"ನೀವೇ ಮುದ್ರಿಸಿದ್ದೀರಲ್ಲ!" ಅವನಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. "ಓದಿ ನೋಡಿ ಅಂದಿದ್ದೆ ನಾನು. ನೀವು ಸುಮ್ನಿದ್ರಿ. ನಿಮಗೆ ಒಪ್ಪಿಗೆ ಅಂದ್ಕೊಂಡೆ. ಶೆಡ್ಡು ಚೆನ್ನಾಗಿದೆ, ಕರೆಂಟಿದೆ, ನೀರಿದೆ. ಎಂಟು ಕಿಲೋಮೀಟರು ಅಷ್ಟೇ."

ಅಪ್ಪ ಮನೆಗೆ ಬಂದವನೇ ರದ್ದಿಯ ಕಟ್ಟು ಕೆದಕಿ ತಾತ ತಿದ್ದಿದ ಕರಡನ್ನು ಹುಡುಕಿ ತೆಗೆದ. ಇಪ್ಪತ್ತಾರನೇ ಭರವಸೆ ಅಲ್ಲೇ ಇತ್ತು. ಅದರ ನಡುವೆ ತಾತ ಕೆಂಪು ಶಾಯಿಯಲ್ಲಿ ಒಂದು ಅಲ್ಪವಿರಾಮ ಹಾಕಿ ಚಂದ ಮಾಡಿದ್ದ.

ಆ ಸಾಲನ್ನು ನನ್ನ ಹತ್ತು ಬೆರಳೂ ಕುಟ್ಟಿದ್ದವು. ಒಂದಕ್ಷರ ನೆನಪಿರಲಿಲ್ಲ.

ಅವತ್ತು ಸಂಜೆ ಊಟಕ್ಕೆ ಯಾರಿಗೂ ಹಸಿವಿರಲಿಲ್ಲ. ಆದರೂ ಕೂತೆವು.

"ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅಂತಾರೆ," ಅಪ್ಪ ಶುರುಮಾಡಿದ. "ನಮ್ಮ ಮನೇಲಿ ಒಕ್ಕಾಲಿಗೂ ಗತಿ ಇಲ್ಲ. ಮಗಳು ಟೈಪು ಮಾಡ್ತಾಳೆ, ಅಪ್ಪ ತಿದ್ದುತ್ತಾರೆ, ನಾನು ಒತ್ತುತ್ತೀನಿ. ನಮ್ಮ ಕಾಲ ಮೇಲೆ ನಾವೇ ಚಪ್ಪಡಿ ಎಳ್ಕೊಂಡಿದ್ದೀವಿ. ಒಬ್ಬರಾದ್ರೂ, ಒಬ್ಬರಾದ್ರೂ ಓದಬಾರದಿತ್ತಾ?"

"ನಾನು ಓದಿದ್ದೆ," ಅಂದಳು ಅಮ್ಮ.

ಅವಳು ಅಜ್ಜಿಗೆ ಗಂಜಿ ಉಣಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ಏನಂದೆ?"

"ಓದಿದ್ದೆ. ಮಡಿಸುವಾಗ. ಮೂವತ್ತೆರಡನ್ನೂ."

"ವೋಟಿಗೆ ಮುಂಚೆನಾ?"

"ಮುಂಚೆನೇ."

"ಗೊತ್ತಿದ್ದೂ... ಗೊತ್ತಿದ್ದೂ ಬೀಗದ ಕೈಗೆ ಹಾಕ್ದೆಯಾ?"

"ಹಾಕ್ದೆ."

ತಟ್ಟೆ ಹಾರಿದ್ದು ಆಗ. ಅಪ್ಪ ಸಿಟ್ಟಿನ ಮನುಷ್ಯನಲ್ಲ, ಮಷೀನಿಗೆ ಕೈ ಸಿಕ್ಕಿ ಉಗುರು ಕಿತ್ತಾಗಲೂ ನಕ್ಕವನು. ಅನ್ನ ನೆಲದ ಮೇಲೆಲ್ಲ ಚೆಲ್ಲಿತು. ಅಜ್ಜಿ ಬೆಚ್ಚಿ ಗಂಜಿ ನೆತ್ತಿಗೇರಿಸಿಕೊಂಡಳು. ಅಮ್ಮ ಅವಳ ಬೆನ್ನು ಸವರಿ, ಬಾಯಿ ಒರೆಸಿ, ಆಮೇಲೆ ಅಪ್ಪನ ಕಡೆ ತಿರುಗಿದಳು.

"ಹನ್ನೊಂದನೇದು ಏನು ಅಂತ ನೋಡಿದ್ರಾ? ಮಗಳೇ, ಓದು."

ನಾನು ಓದಿದೆ. ಹಾಸಿಗೆ ಹಿಡಿದ ಹಿರಿಯರಿಗೆ ಪ್ರತಿ ವಾರ್ಡಿನಲ್ಲಿ ಹಗಲಿನ ಆರೈಕೆ ಕೇಂದ್ರ. ಬೆಳಿಗ್ಗೆ ಒಂಬತ್ತಕ್ಕೆ ವ್ಯಾನು ಮನೆ ಬಾಗಿಲಿಗೆ ಬಂದು ಕರೆದೊಯ್ದು ಸಂಜೆ ಐದಕ್ಕೆ ತಂದುಬಿಡುತ್ತದೆ. ದಾದಿಯರು ಇರುತ್ತಾರೆ, ಊಟ ಅಲ್ಲೇ.

"ನನಗೆ ಅದು ಬೇಕಿತ್ತು," ಅಂದಳು ಅಮ್ಮ. "ಮೂವತ್ತೆರಡರಲ್ಲಿ ನನಗೆ ಬೇಕಾದ್ದು ಒಂದು, ಬೇಡದ್ದು ಒಂದು. ಮಿಕ್ಕಿದ್ದು ಯಾರದೋ ಬೇಕು ಬೇಡ. ಹನ್ನೊಂದಕ್ಕೆ ಹೂಂ, ಇಪ್ಪತ್ತಾರಕ್ಕೆ ಉಹೂಂ ಅನ್ನೋ ಗುಂಡಿ ಅಲ್ಲಿ ಇರ್ಲಿಲ್ಲ ರೀ. ಒಂದೇ ಗುಂಡಿ. ಹಳೆಯವರ ಹಾಳೆಲಿ ನಿಮ್ಮ ಮಷೀನೂ ಇರ್ಲಿಲ್ಲ, ನನ್ನ ಸೊಂಟಾನೂ ಇರ್ಲಿಲ್ಲ."

"ಅದಕ್ಕೆ ನನ್ನ ಅನ್ನಕ್ಕೆ ಕಲ್ಲು ಹಾಕ್ದೆ!"

"ಹನ್ನೊಂದಾದ ಮೇಲಲ್ವಾ ಇಪ್ಪತ್ತಾರು?" ಅಮ್ಮನ ದನಿ ಆಗ ಮೊದಲ ಸಲ ನಡುಗಿತು. "ಸಾಲಾಗಿ ಮಾಡ್ತಾರೆ ಅಂದ್ಕೊಂಡೆ. ಒಂದು, ಎರಡು, ಮೂರು ಅಂತ. ಹನ್ನೊಂದು ಆಗೋ ಹೊತ್ತಿಗೆ ಎರಡು ವರ್ಷ. ಇಪ್ಪತ್ತಾರರ ತನಕ ಯಾವ ಸರ್ಕಾರ ಹೋಗಿದೆ ಹೇಳಿ? ಅಷ್ಟರಲ್ಲಿ ಅವರಿಗೂ ಸುಸ್ತಾಗಿರುತ್ತೆ ಅಂದ್ಕೊಂಡೆ."

ನಾನು ದಂಗಾಗಿ ಅವಳನ್ನೇ ನೋಡಿದೆ. ಜೀವನವಿಡೀ ಪುಟಗಳನ್ನು ಕ್ರಮವಾಗಿ ಮಡಿಸಿದ ನನ್ನ ಅಮ್ಮ, ಸರ್ಕಾರವೂ ಹಾಗೇ ಮಡಿಸುತ್ತದೆ ಎಂದು ನಂಬಿದ್ದಳು.

"ಅವರು ಮಾವನ ತರ ಕೆಳಗಿಂದ ಶುರುಮಾಡಿದ್ದಾರೆ," ಅಂದಳು. ಯಾರಿಗೂ ನಗು ಬರಲಿಲ್ಲ.

"ನಾನು ಓದದೆ ಹಾಕ್ದೆ," ಅಪ್ಪ ಎದ್ದು ನಿಂತ. "ಇವಳು ಟೈಪು ಮಾಡಿನೂ ತಿಳೀದೆ ಹಾಕಿದ್ಳು. ಅಪ್ಪನೂ ಹಾಗೇ. ನೀನೊಬ್ಳು ಕಣ್ಣು ಬಿಟ್ಕೊಂಡು ಹಾಕಿದೀಯ. ನನಗೆ ಒಂದು ಮಾತು ಹೇಳ್ಬಾರದಿತ್ತಾ?"

"ಹೇಳಿದ್ರೆ ಐದು ವೋಟೂ ಆ ಕಡೆ ಹೋಗ್ತಿತ್ತು."

ಅಮ್ಮ ಬಿಡಲಿಲ್ಲ.

"ಕಣ್ಣು ಮುಚ್ಕೊಂಡು ಹಾಕಿದವರದ್ದು ಏನೂ ತಪ್ಪಿಲ್ಲ ಅಲ್ವಾ? ಬಿಲ್ಲು ಅವತ್ತೇ ಕೊಟ್ರು ಅಂತ ಮನೆಯವರ ವೋಟೆಲ್ಲ ಕೊಟ್ಟವರು ಯಾರು? ಸಿಹಿ ಹಂಚಿದವರು ಯಾರು?"

ಗೋಡೆಯ ಬುಡದ ತಟ್ಟೆಯನ್ನು ಅವಳು ಎತ್ತಲಿಲ್ಲ. "ಎಸೆದವರು ಎತ್ಲಿ," ಅಂದಳು. ಅಪ್ಪ ಎತ್ತಲಿಲ್ಲ. ಕೊನೆಗೆ ತಾತ ಗೋಡೆ ಹಿಡಿದು ಬಗ್ಗಿ, ಒಂದೊಂದೇ ಅಗುಳು ಆಯ್ದ.

ಅವತ್ತಿನಿಂದ ಅಪ್ಪ ಅಮ್ಮನ ನಡುವೆ ಮಾತು ನಿಂತಿತು. "ನಿಮ್ಮಪ್ಪಂಗೆ ಚಹಾ ಆಗಿದೆ ಅಂತ ಹೇಳು." "ನಿಮ್ಮಮ್ಮಂಗೆ ಅಂಗಿ ಗುಂಡಿ ಕಿತ್ತಿದೆ ಅಂತ ಹೇಳು." ಎರಡು ಮೊಳ ದೂರದಲ್ಲಿ ಕೂತವರಿಗೆ ನಾನು ಟಪಾಲು ಸಾಗಿಸಿ ಸೋತೆ. ಅಪ್ಪ ಹಗಲೆಲ್ಲ ನಗರಸಭೆಯ ಮೆಟ್ಟಿಲು ಸವೆಸಿದ, ಕಾಲಾವಕಾಶ ಕೇಳಿದ, ವಕೀಲರನ್ನು ಕಂಡ. ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು ಅನ್ನುವ ಹಾಗೆ ಬೀದಿಯವರೆಲ್ಲ, "ನಿಮ್ಮ ಮನೆಯಿಂದ ಹುಟ್ಟಿದ ನಗರಸಭೆ ಅಲ್ವಾ ಪ್ರೆಸ್ಸಣ್ಣ?" ಎಂದು ಕೇಳಿದರು. ಎದುರುಮನೆ ಮೇಷ್ಟ್ರು ಮಾತ್ರ ಏನೂ ಅನ್ನಲಿಲ್ಲ. ಅಪ್ಪನಿಗೆ ಅದೇ ಹೆಚ್ಚು ಚುಚ್ಚಿತು.

ಮೂವತ್ತೊಂದನೇ ದಿನ ಇಬ್ಬರು ನೌಕರರು ಬಂದು ಮುಂದಿನ ಕೋಣೆಯ ಎರಡೂ ಬಾಗಿಲಿಗೆ ಬೀಗ ಹಾಕಿ ಅರಗಿನ ಮುದ್ರೆ ಒತ್ತಿದರು. "ಬೀಗದ ಕೈ ಅಂತ ವೋಟು ಹಾಕಿದ್ವಿ, ಬೀಗ ತಂದ್ರು," ಅಂದ ತಾತ. ಬೀದಿ ಬಾಗಿಲೇ ಮುಚ್ಚಿಹೋದ್ದರಿಂದ ನಾವು ನಮ್ಮ ಮನೆಗೇ ಕಳ್ಳರ ಹಾಗೆ ಹಿಂದಿನ ಅಡುಗೆಮನೆಯಿಂದ ಓಡಾಡತೊಡಗಿದೆವು. ಮಷೀನಿನ ಸದ್ದಿಲ್ಲದ ಮನೆಯಲ್ಲಿ ಗಡಿಯಾರದ ಸದ್ದು ಕೇಳಿತು. ನನಗೆ ಅದು ಅಲ್ಲಿದೆಯೆಂದೇ ಮರೆತುಹೋಗಿತ್ತು. ಅಪ್ಪ ಬೀಗಕ್ಕೆ ಬೆನ್ನು ಕೊಟ್ಟು ನಡುಮನೆಯ ನೆಲದ ಮೇಲೆ ಕೂತಿರುತ್ತಿದ್ದ.

ಹಾಗೆ ಕೂತ ನಾಲ್ಕನೆಯ ಬೆಳಿಗ್ಗೆ ಅಮ್ಮ ಅಜ್ಜಿಯನ್ನು ಎತ್ತಲು ಬಗ್ಗಿದಳು. "ಅಯ್ಯೋ" ಎಂದು ಒಂದೇ ಸಲ ಕೂಗಿ ನೆಲಕ್ಕೆ ಕುಸಿದಳು. ಸೊಂಟ ಹಿಡಿದುಹೋಗಿತ್ತು, ಕಾಲು ಅಲ್ಲಾಡಿಸಿದರೂ ಕಣ್ಣಲ್ಲಿ ನೀರು. ಮಂಚದ ಮೇಲೆ ಅಜ್ಜಿ ಅರ್ಧ ವಾಲಿಕೊಂಡಿದ್ದಳು, ಹಾಸಿಗೆ ಒದ್ದೆಯಾಗಿತ್ತು. ನಾನು ಒಬ್ಬಳೇ ಹಿಡಿಯಲಾರದೆ ಕೂಗಿದೆ. ಅಪ್ಪ ಹಿತ್ತಿಲಿನಿಂದ ಓಡಿಬಂದ.

ಬಂದು ನಿಂತ. ಎಲ್ಲಿ ಕೈ ಹಾಕಬೇಕೆಂದೇ ಅವನಿಗೆ ತಿಳಿಯಲಿಲ್ಲ. ದಿನಕ್ಕೆ ಐವತ್ತು ರೀಮು ಎತ್ತುವ ಮನುಷ್ಯ ತನ್ನ ತಾಯಿಯ ಮುಂದೆ ಕೈಕೈ ಹಿಸುಕಿದ.

"ಮಂಡಿ ಮಡಿಸಿ ಮೊದ್ಲು. ಅವರದ್ದು," ನೆಲದಿಂದಲೇ ಅಮ್ಮ ಹೇಳಿದಳು. "ಭುಜದ ಅಡಿಗೆ ಒಂದು ಕೈ. ಎಳೀಬೇಡಿ, ಚರ್ಮ ಕಿತ್ತು ಬರುತ್ತೆ. ಉರುಳಿಸಿ ನಿಮ್ಮ ಕಡೆಗೆ."

"ಹಿಡ್ಕೊಳ್ಳೋಕೆ ಏನೂ ಸಿಗ್ತಿಲ್ವಲ್ಲೇ!" ಒಂದು ತಿಂಗಳಿಗೂ ಮೇಲಾದ ಮೇಲೆ ಅವನು ಅವಳಿಗೆ ಆಡಿದ ಮೊದಲ ಮಾತು ಅದು.

"ರೀಮಿಗೆ ಅಂಚು ಇರುತ್ತೆ. ಮನುಷ್ಯರಿಗೆ ಇರಲ್ಲ. ತಬ್ಬಿಕೊಳ್ಳಿ."

ಅಪ್ಪ ತಬ್ಬಿಕೊಂಡ. ಎತ್ತಿದ. ಮುಖ ಕೆಂಪಾಗಿ ಉಸಿರು ಕಟ್ಟಿತು. ನಾನು ಹಾಸಿಗೆ ಬದಲಿಸಿದೆ. ಒರೆಸಿ, ಬಟ್ಟೆ ಉಡಿಸಿ, ಮಲಗಿಸುವಷ್ಟರಲ್ಲಿ ಅವನ ಅಂಗಿ ಬೆವರಿನಿಂದ ತೊಪ್ಪೆಯಾಗಿತ್ತು.

"ದಿನಕ್ಕೆ ಎಷ್ಟು ಸಲ ಹೀಗೆ?" ಅಂದ.

"ಹಗಲು ಆರು. ರಾತ್ರಿ ಮೂರು."

"ರಾತ್ರಿನೂನಾ?"

"ನಿಮ್ಮ ಗೊರಕೆಗೆ ಕೇಳ್ಸಲ್ಲ."

ಅಪ್ಪ ಮಂಚದ ಅಂಚಿಗೆ ಕೂತುಬಿಟ್ಟ. ಇಷ್ಟು ದಿನ ಇದೇ ಕೋಣೆಯ ಸಂದಿಯಲ್ಲಿ ದಿನಕ್ಕೆ ನೂರು ಸಲ ಓಡಾಡಿದವನು ಅವನು. ನಾನೂ ಅಷ್ಟೇ. ನಾಚಿಕೆಯಿಂದ ನನಗೆ ಅಮ್ಮನ ಮುಖ ನೋಡಲಾಗಲಿಲ್ಲ.

ಆಗ ಅಜ್ಜಿ ಬಲಗೈ ಎತ್ತಿದಳು. ಏನೋ ಹೇಳಬೇಕೆಂದರೆ ಅವಳು ಹಾಗೆ ಮಾಡುತ್ತಾಳೆ.

"ನಾನು... ಹಾಕಿಲ್ಲ."

"ಏನಮ್ಮ?" ಅಪ್ಪ ಅವಳ ಬಾಯಿಗೆ ಕಿವಿ ಒಡ್ಡಿದ.

"ಬೀಗದ ಕೈ... ಹಾಕಿಲ್ಲ. ಹಳೇದಕ್ಕೆ... ಹಾಕಿದೆ."

ತಾತನ ಕೈಯಿಂದ ಪತ್ರಿಕೆ ಜಾರಿತು. ನಾವೆಲ್ಲ ಅವಳನ್ನೇ ನೋಡಿದೆವು.

"ಯಾಕಮ್ಮ?"

"ವ್ಯಾನು," ಅಂದಳು ಅಜ್ಜಿ. ಅವಳ ನೋಟ ನೆಲದ ಮೇಲೆ ಬಿದ್ದ ಸೊಸೆಯ ಕಡೆ ಹೊರಳಿತು. "ಇವಳು... ಓದಿದ್ಳು. ಎರಡು ಸಲ. ಖುಷಿಯಾಗಿ."

ಅಮ್ಮನ ಮುಖ ಸುಣ್ಣದಂತಾಯಿತು. ತುಟಿ ಆಡಿಸುತ್ತಿದ್ದ ಆ ಮಧ್ಯಾಹ್ನ ನನಗೆ ತಟ್ಟನೆ ನೆನಪಾಯಿತು. ಎಣಿಸುತ್ತಿರಲಿಲ್ಲ ಅವಳು, ಹನ್ನೊಂದನೇದನ್ನು ಪಿಸುದನಿಯಲ್ಲಿ ಓದುತ್ತಿದ್ದಳು.

"ನಿದ್ದೆ ಬಂದಿದೆ ಅಂದ್ಕೊಂಡಿದ್ದೆ ಅತ್ತೆ," ಅಂದಳು ಅಮ್ಮ. ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡಳು.

ನಮ್ಮ ಮನೆಯಲ್ಲಿ ತಿಳಿದು ಮತ ಹಾಕಿದವರು ಒಬ್ಬರಲ್ಲ, ಇಬ್ಬರು. ಒಬ್ಬಳು ತನ್ನ ಸೊಂಟಕ್ಕಾಗಿ ಹಾಕಿದಳು. ಇನ್ನೊಬ್ಬಳು ತನ್ನನ್ನು ಮನೆಯಿಂದ ಸಾಗಿಸಬಾರದೆಂದು ಹಾಕಿದಳು. ಅದನ್ನು ಎರಡು ತಿಂಗಳು ನುಂಗಿಕೊಂಡು, ಅದೇ ಸೊಸೆಯ ಕೈಯಿಂದ ದಿನಾ ಗಂಜಿ ಕುಡಿದಳು.

ಅಮ್ಮನ ಸೊಂಟ ಎದ್ದು ಓಡಾಡುವಷ್ಟಾಗಲು ಹದಿನೈದು ದಿನ ಬೇಕಾಯಿತು. ಅಷ್ಟೂ ದಿನ ಅಪ್ಪ ಅಜ್ಜಿಯನ್ನು ಎತ್ತಿದ, ಇಳಿಸಿದ. ಗೊರಕೆಯವನು ಗಡಿಯಾರಕ್ಕೆ ಗಂಟೆ ಇಟ್ಟುಕೊಂಡು ಏಳುವುದನ್ನು ಕಲಿತ. ನಡುವೆ ನಗರಸಭೆಯವರಿಂದ ಬೀಗಮುದ್ರೆ ತೆಗೆಸಿ, ಮಷೀನನ್ನು ಬಿಚ್ಚಿ, ಬಾಗಿಲ ಚೌಕಟ್ಟು ಕಿತ್ತು, ಲಾರಿಯಲ್ಲಿ ಶೆಡ್ಡಿಗೆ ಸಾಗಿಸಿದೆವು. ಹಳೆಯ ಗಿರಾಕಿಗಳಲ್ಲಿ ಅರ್ಧ ಜನ ಅಷ್ಟು ದೂರ ಬರಲಿಲ್ಲ. ಅಪ್ಪ ಬೆಳಿಗ್ಗೆ ಏಳಕ್ಕೆ ಬುತ್ತಿ ಕಟ್ಟಿಕೊಂಡು ಸೈಕಲ್ ಹತ್ತಿದರೆ ಕತ್ತಲಾದ ಮೇಲೆ ಬರುತ್ತಿದ್ದ. ನಾನೂ ಟೈಪು ಮಾಡಲು ಅಲ್ಲಿಗೇ ಹೋಗಬೇಕಾಯಿತು. ಹಗಲಿನ ಆರು ಸಲ ಮತ್ತೆ ಅಮ್ಮನ ಪಾಲಿಗೇ ಬಂತು, ಈಗ ಸೊಂಟಕ್ಕೆ ಪಟ್ಟಿ ಬೇರೆ.

ಹನ್ನೊಂದನೇ ಭರವಸೆ ಬಂದದ್ದು ಮಳೆ ಕಳೆದ ಮೇಲೆ. ನಾಳಿದ್ದು ಒಂಬತ್ತಕ್ಕೆ ವ್ಯಾನು ಬರುತ್ತದೆ ಎಂದು ಚೀಟಿ ಕೊಟ್ಟುಹೋದರು. ಅಮ್ಮ ಅದನ್ನು ಯಾರಿಗೂ ಓದಿ ಹೇಳಲಿಲ್ಲ. ಉಪ್ಪಿನ ಡಬ್ಬಿಯ ಕೆಳಗೆ ಇಟ್ಟಳು.

"ಕಳಿಸೋದು ಬೇಡ ಬಿಡು," ಅಂದ ರಾತ್ರಿ ಉಪ್ಪು ತೆಗೆಯಲು ಹೋಗಿ ಚೀಟಿ ಕಂಡ ಅಪ್ಪ. "ಪಾಪ, ಅಮ್ಮಂಗೆ ಇಷ್ಟ ಇಲ್ಲ."

"ನೀವು ಹಗಲು ಮನೇಲಿ ಇರ್ತೀರಾ?" ಅಂದಳು ಅಮ್ಮ.

ಅಪ್ಪ ಚೀಟಿಯನ್ನು ಮತ್ತೆ ಡಬ್ಬಿಯ ಕೆಳಗೇ ಇಟ್ಟ.

ಆ ದಿನ ಬೆಳಿಗ್ಗೆ ನಾನೂ ಅಪ್ಪನೂ ಶೆಡ್ಡಿಗೆ ತಡವಾಗಿ ಹೋಗುವುದೆಂದು ನಿಂತೆವು. ವ್ಯಾನು ಬಂದು ಹಾರ್ನು ಹೊಡೆಯಿತು. ಅಮ್ಮ ಕಳಿಸಲಾರಳು ಅಂದುಕೊಂಡಿದ್ದೆ ನಾನು. ನಾಲ್ಕು ತಿಂಗಳ ಜಗಳದ ನಂತರ, ಆ ಮಾತು ಕೇಳಿದ ನಂತರ, ಯಾರು ಕಳಿಸುತ್ತಾರೆ? ಅಮ್ಮ ಅಜ್ಜಿಯ ತಲೆ ಬಾಚಿ, ಒಗೆದ ಸೀರೆ ಉಡಿಸಿ, ಎದುರಿಗೆ ಕೂತಳು.

"ಅತ್ತೆ, ನೀವು ಬೇಡ ಅಂತ ವೋಟು ಹಾಕಿದ್ರಿ. ನಾನು ಬೇಕು ಅಂತ ಹಾಕ್ದೆ. ನನ್ನ ಕಡೆ ಗೆದ್ದಿದೆ." ಅವಳ ದನಿ ಗಟ್ಟಿಯಾಗಿತ್ತು. "ಮನೆ ಬಿಟ್ಟು ಕಳಿಸ್ತಿಲ್ಲ. ನನ್ನ ಕೈಲಿ ಆಗ್ತಿಲ್ಲ. ಹೋಗಿ ಬನ್ನಿ."

ತಾತ ಗೋಡೆ ಕಡೆ ತಿರುಗಿಕೊಂಡ. ಅಜ್ಜಿ ಸೊಸೆಯನ್ನು ಬಹಳ ಹೊತ್ತು ನೋಡಿದಳು.

"ಐದಕ್ಕಾ?"

"ಐದಕ್ಕೆ. ನಾನು ಬಾಗಿಲಲ್ಲೇ ಇರ್ತೀನಿ."

ವ್ಯಾನು ತಿರುವು ದಾಟುವವರೆಗೂ ನಿಂತಿದ್ದ ಅಮ್ಮ ಒಳಗೆ ಬಂದು ಅಜ್ಜಿಯ ಮಂಚದ ಮೇಲೆ ಒರಗಿದಳು. ಹೊದಿಕೆ ಹೊದಿಸುವಷ್ಟರಲ್ಲಿ ನಿದ್ದೆ ಹೋಗಿದ್ದಳು. ಅವತ್ತು ನಾವು ಶೆಡ್ಡಿಗೆ ಹೋಗಲೇ ಇಲ್ಲ. ಅಪ್ಪ ಬೆಕ್ಕಿನ ಹೆಜ್ಜೆಯಲ್ಲಿ ಓಡಾಡಿ ಮೊಟ್ಟೆ ಬೇಯಿಸಿದ, ತಾತನಿಗೆ ಕೆಮ್ಮಲೂ ಬಿಡಲಿಲ್ಲ. ಅಮ್ಮ ಎದ್ದಾಗ ನಾಲ್ಕೂ ಮುಕ್ಕಾಲು. ಬಾಗಿಲಿಗೆ ಓಡಿದಳು.

ಐದಕ್ಕೆ ಸರಿಯಾಗಿ ವ್ಯಾನು ಬಂತು. ಅಜ್ಜಿಯ ಮುಖದಲ್ಲಿ ಏನೂ ತಿಳಿಯಲಿಲ್ಲ. ಅಪ್ಪ ತಬ್ಬಿ ಎತ್ತಿ ತಂದು ಮಂಚದ ಮೇಲೆ ಕೂರಿಸಿದ. ನಾವು ನಾಲ್ವರೂ ಫಲಿತಾಂಶಕ್ಕೆ ಕಾಯುವವರ ಹಾಗೆ ಸುತ್ತ ನಿಂತೆವು.

"ಹೇಗಿತ್ತು ಅತ್ತೆ?" ಅಮ್ಮನ ದನಿ ಬೆಳಗಿನ ಹಾಗೆ ಗಟ್ಟಿಯಿರಲಿಲ್ಲ.

ಅಜ್ಜಿ ಬಲಗೈ ಎತ್ತಿದಳು.

"ಊಟಕ್ಕೆ... ಉಪ್ಪಿಲ್ಲ."

ಅಜ್ಜಿ ಇನ್ನೂ ಮಾತು ಸೇದುತ್ತಿದ್ದಳು, ಕೈ ಇಳಿಸಿರಲಿಲ್ಲ.

"ನಾಳೆ... ಒಂದು ಪೊಟ್ಟಣ... ಕಟ್ಟಿಕೊಡು."

"ಕಟ್ಟಿಕೊಡ್ತೀನಿ ಅತ್ತೆ," ಅಂದಳು ಅಮ್ಮ. ಅಡುಗೆಮನೆಗೆ ಹೋಗಿ ರದ್ದಿಯಿಂದ ಒಂದು ಹಾಳೆ ಎಳೆದು, ಉಪ್ಪು ಸುರಿದು, ಅಂಚು ಸರಿಯಾಗಿ ಮೂರು ಮಡಿಕೆ ಮಡಿಸಿದಳು. ಆಮೇಲೆ ಒಲೆಯ ಮುಂದೆ ಕುಕ್ಕರಿಸಿ, ಪೊಟ್ಟಣವನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಬಿಕ್ಕಿ ಬಿಕ್ಕಿ ಅತ್ತಳು. ಆರು ವರ್ಷದಲ್ಲಿ ಅಮ್ಮ ಹಾಗೆ ಅತ್ತಿದ್ದನ್ನು ನಾವು ನೋಡಿದ್ದು ಅದೇ ಮೊದಲು.